ಪಿನ್‌ಗಿಂತ ಅಂಚೆಯೇ ದುಬಾರಿಯಾದಾಗ

ಅಮೆರಿಕದಲ್ಲಿ ನಮ್ಮ ಭಾಗದ ಕನ್ನಡದವರು ಸೇರಿದ್ದಾಗ, ಪಿನ್ ಹುಚ್ಚು, ಅಂದರೆ ಅಂಗಿಗೆ ಚುಚ್ಚಿಕೊಳ್ಳುವ ಬಣ್ಣದ ಚಿತ್ರದ ಲೋಹದ ಬಿಲ್ಲೆಗಳನ್ನು ಸೇರಿಸಿ ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವ ಹುಚ್ಚು, ಹಿಡಿದ ಮಕ್ಕಳಿಗೂ ಅದಕ್ಕೆ ದುಡ್ಡು ಸುರಿಯುವ ಅಪ್ಪ-ಅಮ್ಮಂದಿರಿಗೂ ಆಡಿದ ಮಾತುಗಳು ಇವು. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಲೆಕ್ಕದಿಂದಲೇ ಶುರು ಮಾಡೋಣ. ಡಿಸ್ನಿ ಪಾರ್ಕಿನ ಅಂಗಡಿಯಲ್ಲಿ ಒಂದು ಸಾಮಾನ್ಯ ಪಿನ್‌ಗೆ ಹತ್ತು-ಹದಿನೈದು ಡಾಲರ್ ಕೊಡುತ್ತೀರಿ. ಅದೇ ಪಿನ್ ನಾಲ್ಕು ಕೈ ಬದಲಾಯಿಸಿದ ಮೇಲೆ ಟ್ರೇಡರ್‌ಗಳ, ಅಂದರೆ ಪಿನ್ ಬದಲಾಯಿಸಿಕೊಳ್ಳುವವರ ಲೆಕ್ಕದಲ್ಲಿ ಐದು ಡಾಲರ್ ಬಾಳಿದರೆ ಹೆಚ್ಚು. ಈಗ ಅದನ್ನು ಕ್ಯಾಲಿಫೋರ್ನಿಯಾದಲ್ಲಿರುವ ಯಾರಿಗೋ ಕಳಿಸಬೇಕು. ಪೋಸ್ಟ್ ಆಫೀಸಿನ ಕೌಂಟರಿಗೆ ಹೋದರೆ ಏಳೆಂಟು ಡಾಲರ್ ಆಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಆ ಕಡೆಯವರೂ ಅಷ್ಟೇ ಕೊಟ್ಟು ತಮ್ಮ ಪಿನ್ ಕಳಿಸುತ್ತಾರೆ. ಅಂದರೆ ಐದೈದು ಡಾಲರಿನ ಎರಡು ಪಿನ್ ಜಾಗ ಬದಲಾಯಿಸಲು ಇಬ್ಬರೂ ಸೇರಿ ಹದಿನೈದು ಡಾಲರ್ ಅಂಚೆಗೆ ಕೊಟ್ಟ ಹಾಗಾಯಿತು. ಇಷ್ಟು ದುಡ್ಡಿಗೆ ಇಬ್ಬರೂ ಅಂಥದೇ ಐದು ಡಾಲರಿನ ಒಂದೊಂದು ಪಿನ್ ಕೊಂಡುಕೊಂಡೇ ಬಿಡಬಹುದಿತ್ತು, ಅಲ್ವಾ?

ಇಲ್ಲಿ ಹಣ ಹೋಗುವುದು ಪಿನ್‌ಗೆ ಅಲ್ಲ, ದಾರಿಗೆ. ಮನಸ್ತಾಪ ಬರುವುದೂ ಹೆಚ್ಚಾಗಿ ಪಿನ್ ವಿಷಯಕ್ಕಲ್ಲ. ಯಾರು ಅಂಚೆ ಖರ್ಚು ಕೊಡಬೇಕು, ಟ್ರ್ಯಾಕಿಂಗ್ ಇರಬೇಕಾ, ಯಾರು ಮೊದಲು ಕಳಿಸಬೇಕು, ಕಳೆದುಹೋದರೆ ಯಾರ ತಲೆಗೆ ಅಂತ ಬಾಯಿಬಿಟ್ಟು ಮಾತಾಡದೆ ಬಿಟ್ಟಿದ್ದರಿಂದ. ನಾನು ಇವತ್ತು ಹೇಳುವುದೆಲ್ಲ ಇದರ ಸುತ್ತಲೇ ಇದೆ. ಪಿನ್ ಯಾವುದು ಅಪರೂಪ, ಯಾವುದಕ್ಕೆ ಬೆಲೆ ಏರುತ್ತದೆ ಅಂತ ತಿಳಿಯಲು ಬಂದವರು ಇದ್ದರೆ ಕ್ಷಮಿಸಿ. ಹಿಂದಿನ ಮೇಜಿನ ಮೇಲೆ ಕಾಫಿ ಇದೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಪಿನ್ ಬದಲಾಯಿಸಿಕೊಳ್ಳುವ ಚಟ ಡಿಸ್ನಿ ಹುಟ್ಟಿಸಿದ್ದಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಟಗಾರರು ಯಾರು, ತೀರ್ಪುಗಾರರು ಯಾರು ಅಂತ ಗೊತ್ತಾಗಲಿ ಎಂದು ರಟ್ಟಿನ ಬಿಲ್ಲೆ ಕೊಟ್ಟಿದ್ದರು. ಅಲ್ಲಿಂದ ಬೆಳೆಯುತ್ತಾ ಬಂದು, 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಕೋಕಾ-ಕೋಲಾ ಕಂಪನಿ ಪಿನ್ ಬದಲಾಯಿಸಿಕೊಳ್ಳುವುದಕ್ಕೇ ಒಂದು ಕೇಂದ್ರ ತೆರೆಯುವಷ್ಟು ಜನ ಸೇರಿದ್ದರು. ಡಿಸ್ನಿಯಲ್ಲಿ ಇದು ಶುರುವಾಗಿದ್ದು 1999ರ ಕೊನೆಗೆ, ಫ್ಲಾರಿಡಾದ ಪಾರ್ಕಿನಲ್ಲಿ, ಹೊಸ ಸಹಸ್ರಮಾನದ ಸಂಭ್ರಮದ ಜೊತೆಗೆ. ಇನ್ನು ಲಿಟಲ್ ಲೀಗ್ ಬೇಸ್‌ಬಾಲ್ ಆಡುವ ಮಕ್ಕಳು ಇಲ್ಲೇ ಕೂತಿದ್ದೀರಿ, ನಿಮಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಪ್ರತಿ ಟೂರ್ನಮೆಂಟಿನಿಂದ ಟವೆಲ್ ತುಂಬ ಪಿನ್ ಚುಚ್ಚಿಕೊಂಡು ಬರುತ್ತೀರಿ.

ಪಾರ್ಕಿನಲ್ಲಿ ಡಿಸ್ನಿ ಸಿಬ್ಬಂದಿ ಕತ್ತಿಗೆ ಪಟ್ಟಿ ಹಾಕಿಕೊಂಡು ನಿಂತಿರುತ್ತಾರೆ, ಅದರಲ್ಲಿ ಪಿನ್ ಇರುತ್ತವೆ. ನಿಯಮ ಸರಳ. ಒಂದಕ್ಕೆ ಒಂದು. ಅವರ ಪಟ್ಟಿಯನ್ನು ಮುಟ್ಟಬಾರದು, ಕೇಳಬೇಕು. ದುಡ್ಡು ಕೈ ಬದಲಾಯಿಸಬಾರದು. ಮುಖ ನೋಡಿಕೊಂಡು ಮಾಡುವ ವ್ಯವಹಾರಕ್ಕೆ ಇಷ್ಟು ಸಾಕು. ತೊಂದರೆ ಬರುವುದು ಈ 'ಒಂದಕ್ಕೆ ಒಂದು' ಅನ್ನುವುದನ್ನು ಹಾಗೇ ಎತ್ತಿಕೊಂಡು ಬಂದು ಅಂಚೆಗೂ ಹಾಕಿದಾಗ.

ಅಮೆರಿಕದ ಅಂಚೆ ಇಲಾಖೆಯ ದರ ಹೇಗೆ ಕೆಲಸ ಮಾಡುತ್ತದೆ ನೋಡಿ. 2023ರ ಜುಲೈನಲ್ಲಿ ಅವರು ಹಳೆಯ ಕೆಲವು ಸೇವೆಗಳನ್ನು ಸೇರಿಸಿ ಗ್ರೌಂಡ್ ಅಡ್ವಾಂಟೇಜ್ ಅಂತ ಮಾಡಿದರು. ನಾವು ಪಿನ್ ಕಳಿಸುವುದು ಈಗ ಅದರಲ್ಲೇ. ಟ್ರ್ಯಾಕಿಂಗ್ ಅದರಲ್ಲೇ ಬರುತ್ತದೆ, 100 ಡಾಲರ್ ತನಕ ವಿಮೆಯೂ ಬರುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ತೂಕದ ಮೊದಲ ಮೆಟ್ಟಿಲು 4 ಔನ್ಸ್, ಅಂದರೆ ಸುಮಾರು 113 ಗ್ರಾಂ. ಒಂದು ಮಾಮೂಲಿ ಪಿನ್ ಹತ್ತು-ಹದಿನೈದು ಗ್ರಾಂ ತೂಗಬಹುದು. ಲಕೋಟೆ, ರಟ್ಟು, ಬಬಲ್ ಹಾಳೆ ಎಲ್ಲ ಸೇರಿದರೂ ನಾಲ್ಕು ಪಿನ್ ಆರಾಮಾಗಿ ಆ ಮಿತಿಯ ಒಳಗೇ ಬರುತ್ತವೆ. ಒಂದು ಕಳಿಸಿದರೂ ಅಷ್ಟೇ, ನಾಲ್ಕು ಕಳಿಸಿದರೂ ಅಷ್ಟೇ ದರ. ಹೀಗಿರುವಾಗ ಒಂದೊಂದೇ ಪಿನ್ ಬದಲಾಯಿಸಿಕೊಳ್ಳುವುದು ಬಸ್ ಪೂರ್ತಿ ಬಾಡಿಗೆಗೆ ಹಿಡಿದು ಒಬ್ಬರೇ ಕೂತು ಹೋದ ಹಾಗೆ.

ಹಾಗಾಗಿ ನನ್ನ ಮೊದಲ ಮಾತು ಇದು: ಅಂಚೆಯಲ್ಲಿ ಒಂದಕ್ಕೆ ಒಂದು ಬೇಡ, ಕನಿಷ್ಠ ಮೂರಕ್ಕೆ ಮೂರು ಮಾಡಿ. ನಿಮಗೆ ಬೇಕಾದ ಒಂದು ಪಿನ್ ಅವರ ಹತ್ತಿರ ಸಿಕ್ಕಿತು ಅಂದ ತಕ್ಷಣ ಹಾರಬೇಡಿ. ಅವರ ಹತ್ತಿರ ಬೇರೆ ಏನಿದೆ ಕೇಳಿ, ನಿಮ್ಮ ಹತ್ತಿರ ಇರುವುದರ ಫೋಟೊ ಕಳಿಸಿ, ಎರಡು ದಿನ ಮಾತಾಡಿ. ಮೂರನೆಯ ಪಿನ್ ಸಿಗಲಿಲ್ಲವೋ, ಕಾಯಿರಿ. ಆತುರ ಇದ್ದರೆ ಅಂಚೆಯವರಿಗೆ ಲಾಭ, ನಿಮಗಲ್ಲ. ನಿಮ್ಮ ಊರಿನಲ್ಲೇ ಇನ್ನೂ ಎರಡು ಮನೆಯ ಮಕ್ಕಳು ಪಿನ್ ಸೇರಿಸುತ್ತಿದ್ದರೆ ಇನ್ನೂ ಒಳ್ಳೆಯದು. ಮೂರು ಮನೆಯ ಟ್ರೇಡನ್ನು ಒಂದೇ ಪೊಟ್ಟಣದಲ್ಲಿ ತರಿಸಿಕೊಳ್ಳಿ, ಖರ್ಚನ್ನು ಮೂರು ಭಾಗ ಮಾಡಿ. ಹೇಗೂ ಶನಿವಾರ ಕನ್ನಡ ತರಗತಿಯಲ್ಲಿ ಎಲ್ಲರೂ ಸಿಕ್ಕೇ ಸಿಗುತ್ತೀರಿ.

ಎರಡನೆಯದು, ಕೌಂಟರಿನಲ್ಲಿ ದುಡ್ಡು ಕೊಡಬೇಡಿ. ಆನ್‌ಲೈನ್‌ನಲ್ಲಿ ಲೇಬಲ್ ಕೊಂಡು ಮನೆಯಲ್ಲೇ ಮುದ್ರಿಸಿ ಅಂಟಿಸಿದರೆ ವ್ಯಾಪಾರಿಗಳಿಗೆ ಕೊಡುವ ಕಡಿಮೆ ದರವೇ ನಮಗೂ ಸಿಗುತ್ತದೆ. ಪಿನ್ ಎರಡೇ ಇದ್ದಾಗ ಆ ವ್ಯತ್ಯಾಸ ಸಣ್ಣದಲ್ಲ. ಅಡುಗೆಮನೆಯ ತಕ್ಕಡಿ ಸಾಕು ತೂಕ ನೋಡಲು. ಮಾಸಿದ ಬಬಲ್ ಲಕೋಟೆ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಅದನ್ನೇ ತಿರುಗಿಸಿ ಬಳಸಿ. ಹಳೆಯ ಲೇಬಲ್ ಮೇಲೆ ಹೊಸದನ್ನು ಸರಿಯಾಗಿ ಮುಚ್ಚುವಂತೆ ಅಂಟಿಸಿದರೆ ಆಯಿತು. ಹೊಸ ಲಕೋಟೆಯಲ್ಲಿ ಕಳಿಸಿದರೆ ಮಾತ್ರ ಮರ್ಯಾದೆ ಅಂದುಕೊಂಡವರು ಕೆಲವರು ಇದ್ದಾರೆ. ನಾನು ಅವರ ಜೊತೆ ವಾದಕ್ಕೆ ನಿಲ್ಲುವುದಿಲ್ಲ, ಟ್ರೇಡಿಗೂ ನಿಲ್ಲುವುದಿಲ್ಲ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. ಬರೀ ಸ್ಟಾಂಪ್ ಹಚ್ಚಿ ಸಾದಾ ಕಾಗದದ ಲಕೋಟೆಯಲ್ಲಿ ಕಳಿಸಿದರೆ ಒಂದು ಡಾಲರ್ ಕೂಡ ಆಗಲ್ಲ, ಅದನ್ನೇ ಮಾಡಬಹುದಲ್ಲ ಅಂದ. ಒಳ್ಳೆಯ ಪ್ರಶ್ನೆ. 2025ರ ಜುಲೈನಲ್ಲಿ ಕಾಗದಕ್ಕೆ ಹಚ್ಚುವ ಒಂದು ಫಾರೆವರ್ ಸ್ಟಾಂಪಿನ ದರ 78 ಸೆಂಟ್ ಆಯಿತು, ಆಸೆ ಆಗುವುದು ಸಹಜ. ಆದರೆ ಕಾಗದ ಹೋಗುವ ದಾರಿ ಬೇರೆ. ಅದು ವಿಂಗಡಣೆ ಯಂತ್ರದ ಪಟ್ಟಿಗಳ ನಡುವೆ ಸಿಕ್ಕಿಕೊಂಡು, ಉರುಳೆಗಳ ಸುತ್ತ ಬಾಗುತ್ತಾ ಓಡಬೇಕು. ಕಾಲು ಇಂಚಿಗಿಂತ ದಪ್ಪ ಇರಬಾರದು, ಬಗ್ಗಬೇಕು. ನಿಮ್ಮ ಪಿನ್ ಬಗ್ಗುವುದಿಲ್ಲ, ಹಿಂದಿನ ಬಿರಡೆ ಸೇರಿದರೆ ದಪ್ಪವೂ ಜಾಸ್ತಿ. ಯಂತ್ರದೊಳಗೆ ಲಕೋಟೆ ಹರಿಯುತ್ತದೆ, ಪಿನ್ ಎಲ್ಲೋ ಬೀಳುತ್ತದೆ, ಆ ಕಡೆಯವರಿಗೆ ಮೂಲೆ ಕಿತ್ತುಹೋದ ಖಾಲಿ ಲಕೋಟೆ ತಲುಪುತ್ತದೆ. ಹೀಗೆ ವಿಳಾಸ ಕಳೆದುಕೊಂಡ ವಸ್ತುಗಳಿಗೆ ಅಟ್ಲಾಂಟಾದಲ್ಲಿ ಒಂದು ಕೇಂದ್ರವೇ ಇದೆ, ಮೇಲ್ ರಿಕವರಿ ಸೆಂಟರ್ ಅಂತ. ಅಲ್ಲಿಂದ ಐದು ಡಾಲರಿನ ಮಿಕ್ಕಿ ಮೌಸ್ ವಾಪಸ್ ಬರುತ್ತಾನೆ ಅಂತ ಕಾಯುತ್ತಾ ಕೂರಬೇಡಿ. ಸ್ಟಾಂಪ್ ಹಚ್ಚಿ ಕಳಿಸುವವರು ಉಳಿಸುವುದು ತಮ್ಮ ದುಡ್ಡು, ಅಪಾಯ ಮಾತ್ರ ಇಬ್ಬರದ್ದು. ಮೊದಲೇ ಹೇಳಿ, ಆ ಕಡೆಯವರು ಒಪ್ಪಿದರೆ ಅದು ಬೇರೆ ಮಾತು. ಹೇಳದೆ ಮಾಡುವುದು ಸರಿಯಲ್ಲ.

ಈಗ ಪ್ಯಾಕಿಂಗ್. ಇದನ್ನು ಅಲ್ಲಿ ಮೇಜಿನ ಮೇಲೆ ಮಾಡಿ ತೋರಿಸಿದೆ. ಸೀರಿಯಲ್ ಡಬ್ಬದ ರಟ್ಟನ್ನು ಇಸ್ಪೀಟು ಎಲೆಯಷ್ಟು ಅಗಲಕ್ಕೆ ಕತ್ತರಿಸಿಕೊಳ್ಳಿ. ಪಿನ್ನಿನ ಮುಳ್ಳನ್ನು ಅದರೊಳಗೆ ಚುಚ್ಚಿ, ಆ ಕಡೆಯಿಂದ ರಬ್ಬರ್ ಬಿರಡೆ ಹಾಕಿ. ಈಗ ಪಿನ್ ರಟ್ಟಿಗೆ ಕಚ್ಚಿಕೊಂಡಿತು, ಅಲ್ಲಾಡುವುದಿಲ್ಲ. ಎರಡು ಪಿನ್ ಇದ್ದರೆ ಒಂದೇ ರಟ್ಟಿನಲ್ಲಿ ಬೆರಳಗಲ ಅಂತರ ಬಿಟ್ಟು ಚುಚ್ಚಿ. ಒಂದರ ಮೇಲೊಂದು ಬಂದರೆ ದಾರಿಯುದ್ದಕ್ಕೂ ಒಂದರ ಮುಖವನ್ನು ಇನ್ನೊಂದು ಉಜ್ಜುತ್ತಾ ಹೋಗುತ್ತದೆ, ಎನಾಮೆಲ್ ಬಣ್ಣದ ಮೇಲೆ ಕೂದಲೆಳೆಯಂಥ ಗೀರು ಬೀಳುತ್ತದೆ. ಆ ಗೀರು ಫೋಟೊದಲ್ಲಿ ಕಾಣುವುದಿಲ್ಲ, ದೀಪದ ಕೆಳಗೆ ಓರೆ ಹಿಡಿದರೆ ಕಾಣುತ್ತದೆ. ಮುಳ್ಳಿನ ತುದಿ ಬಿರಡೆಯಿಂದ ಹೊರಗೆ ಇಣುಕುತ್ತಿದೆಯಾ ಅಂತ ಹೆಬ್ಬೆರಳಿನಿಂದ ಮುಟ್ಟಿ ನೋಡಿ. ಇಣುಕಿದರೆ ಆ ಕಡೆಗೆ ಇನ್ನೊಂದು ರಟ್ಟು ಇಡಿ, ಇಲ್ಲದಿದ್ದರೆ ಅದು ಲಕೋಟೆ ದಾಟಿ ಪೋಸ್ಟ್‌ಮ್ಯಾನ್ ಕೈಗೆ ಚುಚ್ಚುತ್ತದೆ. ಆಮೇಲೆ ಜಿಪ್ ಚೀಲ, ಒಂದು ಸುತ್ತು ಬಬಲ್ ಹಾಳೆ. ಟೇಪ್ ಹಾಕುವಾಗ ತುದಿಯನ್ನು ಒಳಕ್ಕೆ ಸ್ವಲ್ಪ ಮಡಚಿ ಬಿಡಿ, ಬಿಚ್ಚುವವರು ಅದನ್ನು ಹಿಡಿದು ಎಳೆದರೆ ಸಾಕು. ಪೂರ್ತಿ ಸುತ್ತ ಟೇಪ್ ಸುತ್ತಿ ಈಜಿಪ್ಟಿನ ಮಮ್ಮಿಯ ಹಾಗೆ ಮಾಡಿ ಕಳಿಸುವವರು ಇದ್ದಾರೆ. ಅದನ್ನು ಚಾಕುವಿನಿಂದ ಕೊಯ್ಯುವಾಗಲೇ ಅರ್ಧ ಪಿನ್ ಹಾಳಾಗುವುದು. ಮನೆ ಬಣ್ಣ ಬಳಿಯುವಾಗ ಹಚ್ಚುವ ನೀಲಿ ಟೇಪ್ ಸಿಕ್ಕರೆ ಅದೇ ಒಳ್ಳೆಯದು, ಅಂಟು ಉಳಿಯುವುದಿಲ್ಲ.

ಮುಚ್ಚುವ ಮುಂಚೆ ಒಂದು ಫೋಟೊ ತೆಗೆಯಿರಿ. ಪಿನ್ ರಟ್ಟಿನ ಮೇಲೆ ಇರುವುದು, ಪಕ್ಕದಲ್ಲೇ ಲಕೋಟೆ. ಆಮೇಲೆ ಗೀರು ಮೊದಲೇ ಇತ್ತಾ, ದಾರಿಯಲ್ಲಿ ಬಿತ್ತಾ ಅಂತ ಜಗಳ ಆಗುವುದಿಲ್ಲ. ಟ್ರ್ಯಾಕಿಂಗ್ ನಂಬರನ್ನು ಅವರು ಕೇಳುವ ತನಕ ಕಾಯದೆ ಕಳಿಸಿಬಿಡಿ. ಪೊಟ್ಟಣ ಬಂದ ಮೇಲೆ ಒಂದು ಸಾಲು ಬರೆಯಿರಿ, 'ಬಂತು, ಚೆನ್ನಾಗಿದೆ' ಅಂತ. ಬರೆಯದೆ ಸುಮ್ನೆ ಇರುವವರೇ ಜಾಸ್ತಿ. ಕಳಿಸಿದವರು ಆ ಕಡೆ ಟ್ರ್ಯಾಕಿಂಗ್ ಪುಟ ತೆರೆದು ತೆರೆದು ನೋಡುತ್ತಿರುತ್ತಾರೆ ಪಾಪ.

ಇನ್ನು ಎಕ್ಸ್‌ಟ್ರಾ ವಿಷಯ. ಪಿನ್ ಜೊತೆಗೆ ಒಂದು ಸ್ಟಿಕರ್, ಒಂದು ಚಾಕೊಲೇಟ್, ಕೈಬರಹದ ಚೀಟಿ ಹಾಕುವ ಪದ್ಧತಿ ಪಿನ್ ಲೋಕದಲ್ಲಿ ಬೆಳೆದುಬಿಟ್ಟಿದೆ. ಖುಷಿಯ ವಿಷಯವೇ. ಆದರೆ ಬರಬರುತ್ತಾ ಅದು ಕಡ್ಡಾಯದ ಹಾಗೆ ಆಗಿದೆ. ಅವರು ಒಂದು ಎಕ್ಸ್‌ಟ್ರಾ ಪಿನ್ನೇ ಹಾಕಿದ್ದಾರೆ, ನಾನು ಏನೂ ಹಾಕಲಿಲ್ಲವಲ್ಲ ಅಂತ ಮಕ್ಕಳು ಕೊರಗುವುದನ್ನು ನೋಡಿದ್ದೇನೆ. ಕೊಡುವ ಶಕ್ತಿ ಇರುವವರು ಕೊಡುತ್ತಾ ಹೋದರೆ ಇಲ್ಲದವರು ಆ ಕಡೆಗೆ ಬರುವುದನ್ನೇ ಬಿಡುತ್ತಾರೆ. ಹಾಕಲೇಬೇಕು ಅನ್ನಿಸಿದರೆ ಚೀಟಿ ಸಾಕು. ಜುಲೈ ತಿಂಗಳಲ್ಲಿ ಚಾಕೊಲೇಟ್ ಅಂತೂ ಬೇಡವೇ ಬೇಡ. ಟೆಕ್ಸಸ್‌ಗೆ ಹೋಗುವಷ್ಟರಲ್ಲಿ ಕರಗಿ, ಪಿನ್ನಿನ ಮೇಲಿರುವ ಟಿಂಕರ್ ಬೆಲ್ ಕಿನ್ನರಿಯ ರೆಕ್ಕೆಯ ತಗ್ಗುಗಳೊಳಗೆ ಇಳಿದು, ಆರಿ ಗಟ್ಟಿಯಾಗಿರುತ್ತದೆ. ಹಲ್ಲುಕಡ್ಡಿ ಹಿಡಿದು ಕೂತು ಕೆರೆಯಬೇಕು.

ಯಾರು ಮೊದಲು ಕಳಿಸಬೇಕು ಅನ್ನುವುದು ದೊಡ್ಡ ತಲೆನೋವು. ಆನ್‌ಲೈನ್ ಟ್ರೇಡರ್‌ಗಳಲ್ಲಿ ರೂಢಿ ಏನೆಂದರೆ, ಯಾರ ಹೆಸರಿನಲ್ಲಿ ಹಳೆಯ ಟ್ರೇಡುಗಳು ಕಡಿಮೆಯೋ ಅವರು ಮೊದಲು ಕಳಿಸುವುದು. ಅದು ಬಂದು ತಲುಪಿದ ಮೇಲೆ ಹಳಬರು ಕಳಿಸುತ್ತಾರೆ. ಮೋಸ ತಡೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಒಪ್ಪುತ್ತೇನೆ. ನೂರು ಡಾಲರಿನ ಲಿಮಿಟೆಡ್ ಎಡಿಷನ್, ಅಂದರೆ ಲೆಕ್ಕವಿಟ್ಟು ಕೆಲವೇ ಮಾಡಿದ ಪಿನ್, ಆದರೆ ನಾನೂ ಅದನ್ನೇ ಕೇಳುತ್ತೇನೆ. ಆದರೆ ಐದು ಡಾಲರಿನ ಪಿನ್‌ಗೂ ಹತ್ತು ವರ್ಷದ ಮಗುವನ್ನು ಹೀಗೆ ಕಾಯಿಸುವುದು ನನಗೆ ಹಿಡಿಸುವುದಿಲ್ಲ. ಆ ಮಗುವಿನ ಹತ್ತಿರ ಇರುವುದೇ ಎಂಟು ಪಿನ್, ನಿಮ್ಮ ಹತ್ತಿರ ಆರು ಆಲ್ಬಂ. ಕಳೆದುಕೊಂಡರೆ ಯಾರಿಗೆ ಹೆಚ್ಚು ನೋವು? ಸಣ್ಣ ಟ್ರೇಡುಗಳಲ್ಲಿ ಇಬ್ಬರೂ ಒಂದೇ ದಿನ ಕಳಿಸುವುದು, ಟ್ರ್ಯಾಕಿಂಗ್ ನಂಬರ್ ಒಂದೇ ಹೊತ್ತಿಗೆ ಹಂಚಿಕೊಳ್ಳುವುದು ಸಾಕು. ಹಳಬರಿಗೆ ಇನ್ನೂ ಧೈರ್ಯ ಇದ್ದರೆ ಮೊದಲು ತಾವೇ ಕಳಿಸಲಿ. ಹಾಗೆ ಮಾಡುವವರು ಇದ್ದಾರೆ, ಅವರ ಹತ್ತಿರ ಜನ ವರ್ಷಗಟ್ಟಲೆ ಟ್ರೇಡ್ ಮಾಡುತ್ತಾರೆ.

ಕಳೆದುಹೋದರೆ? ಟ್ರ್ಯಾಕಿಂಗ್‌ನಲ್ಲಿ 'ತಲುಪಿದೆ' ಅಂತ ಬಂದು ಮನೆ ಬಾಗಿಲಲ್ಲಿ ಏನೂ ಇಲ್ಲ ಅಂದರೆ ಮೊದಲು ಪಕ್ಕದ ಮನೆಯಲ್ಲಿ ವಿಚಾರಿಸಿ, ಒಂದೆರಡು ದಿನ ನೋಡಿ, ಆಮೇಲೆ ನಿಮ್ಮ ಪೋಸ್ಟ್ ಆಫೀಸಿನಲ್ಲಿ ಕೇಳಿ. ದಾರಿಯಲ್ಲೇ ಕಾಣೆಯಾಗಿದ್ದರೆ ಕಳಿಸಿದವರು ವಿಮೆಗೆ ಅರ್ಜಿ ಹಾಕಬಹುದು, ಆದರೆ ಅದರ ಬೆಲೆ ಇಷ್ಟು ಅಂತ ತೋರಿಸುವ ಏನಾದರೂ ದಾಖಲೆ ಬೇಕು. ಬರೀ ಟ್ರೇಡ್ ಮಾಡಿದ ಪಿನ್‌ಗೆ ರಸೀದಿ ಎಲ್ಲಿಂದ ಬರಬೇಕು? ಹಾಗಾಗಿ ಹಣ ವಾಪಸ್ ಬಂದೇ ಬರುತ್ತದೆ ಅಂತ ಕೂರಬೇಡಿ. ಕಳಿಸುವ ಮುಂಚೆಯೇ ಇಬ್ಬರೂ ಒಂದು ಸಾಲಿನಲ್ಲಿ ಒಪ್ಪಿಕೊಂಡಿರಿ: ಹೋದರೆ ನಷ್ಟ ಅರ್ಧರ್ಧ, ಇಲ್ಲವೇ ಕಳಿಸಿದವರು ಬೇರೆ ಪಿನ್ ಕೊಡುತ್ತಾರೆ. ಯಾವುದಾದರೂ ಒಂದು, ಬರವಣಿಗೆಯಲ್ಲಿ.

ನಕಲಿ ಪಿನ್ ಬಗ್ಗೆ ಒಬ್ಬ ತಾಯಿ ಕೇಳಿದರು. ಇಬೇ ಅನ್ನುವ ಆನ್‌ಲೈನ್ ಸಂತೆಯಲ್ಲಿ ಐವತ್ತು ಪಿನ್ ಇಷ್ಟು ಕಡಿಮೆಗೆ ಸಿಗುತ್ತಿದೆಯಲ್ಲ, ಮಗಳಿಗೆ ಟ್ರೇಡ್ ಮಾಡಲು ಅದನ್ನೇ ಕೊಡಿಸಿದರೆ ಕೆಲಸ ಸುಲಭ ಅಲ್ವಾ ಅಂತ. ಅಕ್ಕ, ಅದನ್ನು ಮಾಡಬೇಡಿ. ಒಂದೊಂದು ಪಿನ್ ಒಂದು ಡಾಲರಿಗೂ ಕಡಿಮೆ ಬೀಳುತ್ತಿದ್ದರೆ ಅದರಲ್ಲಿ ಬಹುಪಾಲು ನಕಲಿಯೇ ಇರುತ್ತವೆ. ಪಿನ್ ಜನ ಇವನ್ನು ಸ್ಕ್ರ್ಯಾಪರ್ ಅನ್ನುತ್ತಾರೆ. ಬಣ್ಣದಲ್ಲಿ ಸಣ್ಣ ಗುಳಿಗಳು, ಗೆರೆ ದಾಟಿ ಹರಿದ ಬಣ್ಣ, ಬೆರಳಿಗೆ ತಾಗುವ ಒರಟು ಅಂಚು, ಅಸಲಿಗಿಂತ ಹಗುರ. ಎಲ್ಲ ಲಕ್ಷಣ ಒಟ್ಟಿಗೆ ಕಾಣದೆಯೂ ಇರಬಹುದು, ಒಳ್ಳೆಯ ನಕಲುಗಳು ಬಲ್ಲವರನ್ನೂ ಯಾಮಾರಿಸುತ್ತವೆ. ಪಾರ್ಕಿನಲ್ಲಿ ಸಿಬ್ಬಂದಿಯ ಜೊತೆ ಬದಲಾಯಿಸಿಕೊಂಡ ಪಿನ್ನಲ್ಲೂ ನಕಲಿ ಬರುತ್ತದೆ, ಮಕ್ಕಳ ತಪ್ಪೇನೂ ಇಲ್ಲ. ಅನುಮಾನ ಇದ್ದರೆ ಟ್ರೇಡ್ ಮಾಡುವ ಮುಂಚೆ ಹೇಳಿ: 'ಇದು ಪಾರ್ಕಿನಲ್ಲಿ ಸಿಕ್ಕಿದ್ದು, ಅಸಲಿ ಹೌದೋ ಅಲ್ಲವೋ ಖಚಿತ ಇಲ್ಲ.' ಮುಂದಿನ ಕಡೆ, ಹಿಂದಿನ ಕಡೆ ಎರಡರ ಫೋಟೊವನ್ನೂ ಕಳಿಸಿ. ಏಳು ಡಾಲರ್ ಅಂಚೆ ಖರ್ಚು ಮಾಡಿ ನಕಲಿ ತರಿಸಿಕೊಂಡವರಿಗೆ ಪಿನ್ನೂ ಇಲ್ಲ, ದುಡ್ಡೂ ಇಲ್ಲ. ಅದಕ್ಕೇ ಅಂಚೆ ಟ್ರೇಡಿನಲ್ಲಿ ನಕಲಿ ಹೆಚ್ಚು ನೋವು ಕೊಡುತ್ತದೆ.

ಬೆಲೆಯ ವಿಷಯಕ್ಕೆ ಬಂದರೆ ನನಗೆ ಒಂದು ಸಿಟ್ಟು ಇದೆ. ಪ್ರತಿ ಟ್ರೇಡಿಗೂ ಇಬೇ ತೆರೆದು, ನಿನ್ನದು ಆರೂವರೆ ಡಾಲರಿಗೆ ಹೋಗಿದೆ, ನನ್ನದು ಎಂಟಕ್ಕೆ ಹೋಗಿದೆ, ಒಂದೂವರೆ ಡಾಲರ್ ಸೇರಿಸು ಅನ್ನುವುದು. ದೊಡ್ಡ ಪಿನ್‌ಗೆ ಬೆಲೆ ನೋಡಲೇಬೇಕು, ಇಲ್ಲದಿದ್ದರೆ ಗೊತ್ತಿಲ್ಲದವರಿಂದ ಕಿತ್ತುಕೊಂಡ ಹಾಗೆ ಆಗುತ್ತದೆ. ಸಣ್ಣ ಪಿನ್‌ಗೂ ಅದೇ ತಕ್ಕಡಿ ಹಿಡಿದರೆ ಇದು ಅಂಗಡಿ ಆಯಿತು. ಇನ್ನು ಗೊತ್ತಿಲ್ಲದ ಮಗುವಿನ ಹತ್ತಿರ ಒಂದು ಅಪರೂಪದ ಪಿನ್ ಇದೆ ಅಂತ ಕಂಡಾಗ, ಅದರ ಬೆಲೆ ಎಷ್ಟು ಅಂತ ಹೇಳಿದ ಮೇಲೆ ಟ್ರೇಡ್ ಕೇಳುವವರು ಬೇರೆ, ಸುಮ್ನೆ ಇದ್ದು ಮೂರು ಸಾದಾ ಪಿನ್ ಕೊಟ್ಟು ಎತ್ತಿಕೊಂಡು ಹೋಗುವವರು ಬೇರೆ. ಸ್ಕೌಟ್ ಮಕ್ಕಳು ಪ್ಯಾಚ್ (ಬಟ್ಟೆಯ ಬಿಲ್ಲೆ) ಬದಲಾಯಿಸಿಕೊಳ್ಳುವಾಗ ಅಮೆರಿಕದಲ್ಲಿ ಒಂದು ಹಳೆಯ ಕಟ್ಟಳೆ ಇದೆ: ಮಕ್ಕಳು ಮಕ್ಕಳ ಜೊತೆ, ದೊಡ್ಡವರು ದೊಡ್ಡವರ ಜೊತೆ. ಅಂಚೆಯಲ್ಲಿ ಅದು ಪೂರ್ತಿ ಸಾಧ್ಯ ಇಲ್ಲ, ಯಾಕೆಂದರೆ ಮಕ್ಕಳು ಅಪರಿಚಿತರ ಜೊತೆ ನೇರ ಮಾತಾಡಲೇಬಾರದು. ಮಾತು ಅಪ್ಪನೋ ಅಮ್ಮನೋ ಆಡಲಿ, ಲಕೋಟೆಯ ಮೇಲೂ ದೊಡ್ಡವರ ಹೆಸರೇ ಇರಲಿ. ಆದರೆ ಟ್ರೇಡ್ ಮಗುವಿನದ್ದು ಅಂತ ಆ ಕಡೆಯವರಿಗೆ ತಿಳಿಸಿ. ಒಳ್ಳೆಯವರಾದರೆ ಅವರ ಧಾಟಿಯೇ ಬದಲಾಗುತ್ತದೆ.

ಟ್ರಾವೆಲಿಂಗ್ ಬಾಕ್ಸ್ ಅಂತ ಒಂದಿದೆ. ಒಂದು ಡಬ್ಬದಲ್ಲಿ ಪಿನ್ ತುಂಬಿ ಒಬ್ಬರಿಂದ ಒಬ್ಬರಿಗೆ ಕಳಿಸುತ್ತಾ ಹೋಗುವುದು, ತೆಗೆದಷ್ಟು ಹಾಕುವುದು. ಪಿನ್ ಲೆಕ್ಕಕ್ಕೆ ಅಂಚೆ ಖರ್ಚು ಬಹಳ ಕಡಿಮೆ. ಆದರೆ ಒಬ್ಬರು ಡಬ್ಬವನ್ನು ಒಂದು ತಿಂಗಳು ಮಲಗಿಸಿದರೆ ಎಲ್ಲರೂ ಕಾಯಬೇಕು, ಕೊನೆಗೆ ಡಬ್ಬದಲ್ಲಿ ಯಾರಿಗೂ ಬೇಡದ ಪಿನ್ ಮಾತ್ರ ಉಳಿಯುತ್ತವೆ. ಪರಿಚಯ ಇರುವ ನಾಲ್ಕೈದು ಮನೆಗಳಲ್ಲಿ ಮಾಡಿ, ಗುರುತಿಲ್ಲದವರ ಜೊತೆ ಬೇಡ.

ಕೊನೆಯದಾಗಿ ಊರಿನ ವಿಷಯ, ನಿಮಗೆಲ್ಲ ಬೇಕಾಗಿದ್ದೂ ಇದೇ ಇರಬೇಕು. ಹಾರ್ಡ್ ರಾಕ್ ಕೆಫೆ ತನ್ನ ಪ್ರತಿ ಊರಿಗೂ ಬೇರೆ ಪಿನ್ ಮಾಡುತ್ತದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಇರುವ ಕೆಫೆಯ ಪಿನ್‌ಗೆ ಇಲ್ಲಿಯವರು ಆಸೆ ಪಡುತ್ತಾರೆ, ಯಾಕೆಂದರೆ ಅಲ್ಲಿಗೆ ಹೋಗಿ ತರುವವರು ಕಡಿಮೆ. ಊರಿನಲ್ಲಿರುವ ನಿಮ್ಮ ತಮ್ಮನೋ ಭಾವನೋ ಒಂದು ಕೊಂಡರೆ ಇಲ್ಲಿ ಒಳ್ಳೆಯ ಟ್ರೇಡ್ ಆಗಬಹುದು. ಆದರೆ ಗಡಿ ದಾಟುವಾಗ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಮೆರಿಕದಲ್ಲಿ 800 ಡಾಲರ್ ತನಕದ ಸಾಮಾನಿಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಹೋಯಿತು. ಅದರ ಗೊಂದಲದಲ್ಲಿ ನಮ್ಮ ಭಾರತೀಯ ಅಂಚೆಯೇ ಆಗಸ್ಟ್ 25ರಿಂದ ಇಲ್ಲಿಗೆ ಪೊಟ್ಟಣ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ಆ ಕಡೆಗೆ ಕಳಿಸುವುದೂ ಸಲೀಸಲ್ಲ. ಹಿಂದೆ ಸಣ್ಣ ಉಡುಗೊರೆ ಅಂಚೆಯಲ್ಲಿ ಸುಂಕವಿಲ್ಲದೆ ಭಾರತಕ್ಕೆ ಹೋಗುತ್ತಿತ್ತು, 2019ರ ಡಿಸೆಂಬರ್‌ನಲ್ಲಿ ಅದಕ್ಕೆ ತಡೆ ಬಿತ್ತು. ರಾಖಿಗೆ ಬಿಟ್ಟುಕೊಟ್ಟಿದ್ದಾರೆ, ಮಿಕ್ಕಿ ಮೌಸ್‌ಗೆ ಇಲ್ಲ. ಯುರೋಪಿನಲ್ಲಿ 22 ಯೂರೋ ಒಳಗಿನ ಸಾಮಾನಿಗೆ ತೆರಿಗೆ ಇಲ್ಲ ಅನ್ನುವುದು 2021ರ ಜುಲೈ 1ಕ್ಕೆ ಮುಗಿಯಿತು.

ಇದರಿಂದ ಹೊರದೇಶದ ಟ್ರೇಡಿನಲ್ಲಿ ಒಂದು ಕೆಟ್ಟ ಅಭ್ಯಾಸ ಬೆಳೆದಿದೆ. ಕಸ್ಟಮ್ಸ್ ಫಾರ್ಮಿನಲ್ಲಿ 'ಉಡುಗೊರೆ' ಅಂತ ಬರೆಯಿರಿ, ಬೆಲೆ ಒಂದು ಡಾಲರ್ ಅಂತ ಹಾಕಿ ಎಂದು ಕೇಳುವುದು. ಸಹಿ ಹಾಕುವವರು ಅವರು, ಕೇಳುವವರು ನೀವು. ಒಂದಕ್ಕೆ ಬದಲು ಇನ್ನೊಂದು ತೆಗೆದುಕೊಂಡರೆ ಅದು ಉಡುಗೊರೆ ಅಲ್ಲ, ಎಲ್ಲರಿಗೂ ಗೊತ್ತು. ಇನ್ನೊಬ್ಬರ ಕೈಯಲ್ಲಿ ಸುಳ್ಳು ಬರೆಸಬೇಡಿ. ಒಂದು ಡಾಲರ್ ಅಂತ ಬರೆದ ಪೊಟ್ಟಣ ಕಳೆದುಹೋದರೆ ಸಿಗುವ ಪರಿಹಾರಕ್ಕೂ ಅದೇ ಬೆಲೆ ಆಧಾರ. ಸುಂಕ ಬಿದ್ದರೆ ಪಡೆಯುವವರು ಕಟ್ಟಬೇಕು ಅಂತ ಮೊದಲೇ ಹೇಳಿ, ಬೇಡ ಅಂದರೆ ಬಿಟ್ಟುಬಿಡಿ. ಊರಿನವರಿಗೆ ಒಂದು ಸೂಚನೆ: ದೇಶದೊಳಗೆ ಕಳಿಸುವಾಗ ನಮ್ಮ ಹಿರಿಯರು ಇನ್ನೂ ರಿಜಿಸ್ಟರ್ಡ್ ಪೋಸ್ಟ್ ಮಾಡು ಅನ್ನುತ್ತಾರೆ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಿ.

ಹಿಂದಿನ ಸಾಲಿನಿಂದ ಒಬ್ಬರು ಅಂಕಲ್ ಕೇಳಿದರು: ಇಷ್ಟೆಲ್ಲ ಯಾಕೆ, ನಮ್ಮತ್ತೆ ಮಾರ್ಚ್‌ನಲ್ಲಿ ಬರುತ್ತಿದ್ದಾರೆ, ಅವರ ಕೈಯಲ್ಲೇ ತರಿಸಿದರೆ ಆಗಲ್ವಾ? ಆಗುತ್ತದೆ. ಪಿನ್ ತರಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಅತ್ತೆಯ ಸೂಟ್‌ಕೇಸ್‌ನಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಚಟ್ನಿಪುಡಿ ಎಲ್ಲ ಆಗಲೇ ಜಾಗ ಹಿಡಿದಿರುತ್ತವೆ. ಅದರ ಮೇಲೆ ನೆಂಟರ ಮಕ್ಕಳೆಲ್ಲರ ಪಿನ್ ಹೊರಿಸುವ ಮುಂಚೆ ಅವರನ್ನೇ ಒಂದು ಮಾತು ಕೇಳಿ. ಪಿನ್ ಎಷ್ಟಿವೆ, ಒಟ್ಟು ತೂಕ ಎಷ್ಟು, ಯಾವ ಬೆಲೆಯವು ಅಂತ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ವಿಮಾನ ನಿಲ್ದಾಣದಲ್ಲಿ ಯಾರಾದರೂ ಬ್ಯಾಗ್ ತೆರೆದು ಇದೇನು ಅಂತ ಕೇಳಿದರೆ ಅವರಿಗೆ ಉತ್ತರ ಗೊತ್ತಿರಬೇಕು. ರಟ್ಟಿಗೆ ಚುಚ್ಚಿಯೇ ಕೊಡಿ, ಬಿಡಿಬಿಡಿಯಾಗಿ ಚೀಲದಲ್ಲಿ ಸುರಿಯಬೇಡಿ. ಮತ್ತೆ ಚಟ್ನಿಪುಡಿ ಪೊಟ್ಟಣದ ಪಕ್ಕ ಇಡಬೇಡಿ, ಮುಳ್ಳು ತಾಗಿ ತೂತಾದರೆ ಪಿನ್ ಬಗ್ಗೆ ಅಲ್ಲ, ಚಟ್ನಿಪುಡಿ ಬಗ್ಗೆ ಮಾತು ಕೇಳಬೇಕಾಗುತ್ತದೆ.